ದಿಲ್ಲಿಗೆ ಹೋದ ಉತ್ತರ

ದಿಲ್ಲಿಯಿಂದ ಪ್ರಶ್ನೆ ಬಂತೆಂದರೆ ನಮ್ಮ ಸಾಹೇಬರಿಗೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಅವರು ಉಣ್ಣದಿದ್ದರೆ ನನಗೂ ಊಟವಿಲ್ಲ. ನಾನು ಗುಡುಸಾಬ, ಬೆಟಗೇರಿಯವನು. ತಾಲೂಕು ಆರೋಗ್ಯಾಧಿಕಾರಿಗೆ ಇಲಾಖೆ ಬಾಡಿಗೆಗೆ ಹಿಡಿದ ಜೀಪಿನ ಡ್ರೈವರ್. ಜೀಪಿನ ಎ.ಸಿ. ಕೆಟ್ಟು ಎರಡು ಬೇಸಿಗೆ ಕಳೆದವು. ಬೆನ್ನು ಸೀಟಿಗೆ ಅಂಟಿ ಅಂಟಿ ಬೆವರುಗುಳ್ಳೆ ಎದ್ದಿವೆ. ಗುತ್ತಿಗೆದಾರನಿಗೆ ಹೇಳಿದರೆ, ‘ಖಿಡಕಿ ಅದಾವಲ್ಲ, ತಗಿ’ ಎನ್ನುತ್ತಾನೆ.

ಪಾರ್ಲಿಮೆಂಟಿನ ಯಾವನೋ ಸದಸ್ಯ ಹಳ್ಳಿಯ ದವಾಖಾನೆಗಳ ಬಗ್ಗೆ ಒಂದು ಪ್ರಶ್ನೆ ಬರೆದು ಕೊಡುತ್ತಾನೆ. ಅದು ದಿಲ್ಲಿಯ ಕಚೇರಿಯಲ್ಲಿ ಆರಾಮಾಗಿ ಮಲಗುತ್ತದೆ. ಬೆಂಗಳೂರಿನಲ್ಲಿ ಎದ್ದು ಮೈ ಮುರಿಯುತ್ತದೆ. ಜಿಲ್ಲಾ ಕಚೇರಿಯಲ್ಲಿ ಚಹಾ ಕುಡಿಯುತ್ತದೆ. ನಮ್ಮ ಸಾಹೇಬರ ಮೊಬೈಲಿಗೆ ಬಂದು ಬೀಳುವಾಗ ಮಾತ್ರ ಅದಕ್ಕೆ ಎಲ್ಲಿಲ್ಲದ ಅವಸರ. ‘ಲೋಕಸಭಾ ಪ್ರಶ್ನೆ, ಅತಿ ಜರೂರು, ಮಧ್ಯಾಹ್ನದೊಳಗೆ.’ ಆಗ ಸಾಹೇಬರು ಜೀಪಿನ ಹಿಂದಿನ ಸೀಟಿನಲ್ಲಿ ಕೂತು, ತಗ್ಗು ಬಂದಾಗಲೆಲ್ಲ ತಲೆ ಬಡಿಸಿಕೊಳ್ಳುತ್ತ, ದೇಶದ ಸರ್ಕಾರಕ್ಕೆ ಉತ್ತರ ಬರೆಯುತ್ತಾರೆ. ನಾನು ಮುಂದೆ ಕೂತು ಎಲ್ಲ ಕೇಳಿಸಿಕೊಳ್ಳುತ್ತೇನೆ. ಡ್ರೈವರನಿಗೆ ಕಿವಿ ಇರುತ್ತದೆಂದು ಯಾವ ಅಧಿಕಾರಿಗೂ ನೆನಪಿರುವುದಿಲ್ಲ.

ನಮ್ಮ ಸಾಹೇಬರು, ಸುಭಾಷ ಡಾಕ್ಟರು, ಕೆಟ್ಟವರಲ್ಲ. ನನ್ನ ಹೆಂಡತಿ ಅಸ್ಮಾಗೆ ಡೆಂಗಿ ಬಂದಾಗ ಮನೆಗೇ ಬಂದು ನಾಡಿ ಹಿಡಿದವರು. ಆದರೆ ಅಧಿಕಾರಿಯಾದ ಮೇಲೆ ಅವರು ರೋಗಿಯ ಕೈ ಹಿಡಿದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಮಿಕ್ಕ ಹೊತ್ತೆಲ್ಲ ಅವರ ಕೈಯಲ್ಲಿ ಮೊಬೈಲೇ.

ಡಿಸೆಂಬರಿನಲ್ಲಿ ಬಂದ ಪ್ರಶ್ನೆ ಇದು: ನಿಮ್ಮ ಆರೋಗ್ಯ ಕೇಂದ್ರಗಳಲ್ಲಿ ಡಾಕ್ಟರ ಹುದ್ದೆ ಖಾಲಿ ಇವೆಯೇ, ಹಗಲು ರಾತ್ರಿ ಹೆರಿಗೆ ಆಗುತ್ತದೆಯೇ? ಲಕ್ಷ್ಮೇಶ್ವರದ ರಸ್ತೆಯಲ್ಲಿದ್ದೆವು. ಸಾಹೇಬರು ಜಿಲ್ಲೆಯ ದೊಡ್ಡ ಸಾಹೇಬರಿಗೆ ಫೋನು ಹಚ್ಚಿದರು. ಅವರು ಮೈಸೂರು ಕಡೆಯವರು.

“ಸರ್, ಕೆಂಗಲಕೊಪ್ಪ ಖಾಲಿ ಐತ್ರಿ. ಡಾಕ್ಟರ್ ವರ್ಗ ಆಗಿ ಹೋದ ಮ್ಯಾಲ ಯಾರೂ ಬಂದಿಲ್ಲ.”

“ಪಕ್ಕದ ಡಾಕ್ಟರಿಗೆ ಪ್ರಭಾರ ಕೊಟ್ಟಿಲ್ವೇನ್ರೀ?”

“ಕೊಟ್ಟೇವ್ರಿ. ಆದ್ರ ಅವರ ಕೈಯಾಗ ಆಗಲೇ ಎರಡು ಕೇಂದ್ರ ಅದಾವ್ರಿ.”

“ಪ್ರಭಾರ ಇದೆ ಅಂದ್ಮೇಲೆ ಖಾಲಿ ಹೇಗಾಗುತ್ತೆ? ಭರ್ತಿ ಅಂತ ಹಾಕಿ.”

ಸಾಹೇಬರು ಹೆರಿಗೆಗೆ ‘ಹೌದು’ ಎಂದು, ಹುದ್ದೆಗೆ ‘ಭರ್ತಿ’ ಎಂದು ಹಾಕಿದರು. ಮನಸ್ಸು ತಡೆಯದೆ ಮುಂದೆ ‘ಪ್ರಭಾರ’ ಎಂದೂ ಸೇರಿಸಿದರು. ಆ ಪದ ಮೇಲೆ ಹತ್ತುವಾಗ ಎಲ್ಲಿ ಉದುರಿತೋ ದೇವರೇ ಬಲ್ಲ. ಮೂರು ಊರಿನ ನಡುವೆ ಮೋಟರ್‌ಸೈಕಲ್ ಮೇಲೆ ಧೂಳು ಕುಡಿಯುತ್ತ ಓಡಾಡುವ ಒಬ್ಬರೇ ಡಾಕ್ಟರು ದಿಲ್ಲಿ ಮುಟ್ಟುವುದರೊಳಗೆ ಮೂವರಾಗಿದ್ದರು.

ಮಂತ್ರಿಗಳು ಅದನ್ನು ಲೋಕಸಭೆಯಲ್ಲಿ ಓದಿದರು. ನಮ್ಮ ಜಿಲ್ಲೆಯ ಹೆಸರು ಬಂತೆಂದು ಎಲ್ಲರ ಮೊಬೈಲಿನಲ್ಲೂ ಆ ತುಣುಕು ಓಡಾಡಿತು. ಕೆಂಗಲಕೊಪ್ಪದ ಪಂಚಾಯ್ತಿ ಮೆಂಬರ ನೀಲಪ್ಪನಿಗೆ ಅಷ್ಟು ಸಾಕಾಯಿತು. ಕಸದ ಗಾಡಿಯ ಮೈಕಿನಲ್ಲಿ ಊರ ತುಂಬ ಸಾರಿಸಿದ: ‘ನಮ್ಮೂರ ದವಾಖಾನಿಯೊಳಗ ಡಾಕ್ಟರ್ ಅದಾರ. ಹಗಲೂ ರಾತ್ರಿ ಹೆರಿಗಿ ಮಾಡ್ತಾರ. ಪಾರ್ಲಿಮೆಂಟಿನ್ಯಾಗ ಹೇಳ್ಯಾರ.’

ಜನ ನಂಬಿದರು. ಯಾಕೆ ನಂಬಬಾರದು? ಪಂಚಾಯ್ತಿಯಲ್ಲಿ ಸುಳ್ಳು ಹೇಳುವುದನ್ನು ಅವರು ಕಂಡಿದ್ದರು, ಕೋರ್ಟಿನಲ್ಲಿ ಕಂಡಿದ್ದರು. ಅಷ್ಟು ದೊಡ್ಡ ಜಾಗದಲ್ಲಿ ಯಾರಾದರೂ ಸುಳ್ಳು ಹೇಳಿಯಾರೆಂದು ಅವರಿಗೆ ಹೊಳೆಯಲಿಲ್ಲ. ಅದೇ ಊರಿನ, ಕೂಲಿ ಮಾಡುವ ಮಂಜವ್ವನಿಗಂತೂ ಹೊಳೆಯುವ ಮಾತೇ ಇಲ್ಲ. ಅವಳು ನಸುಕಿನಲ್ಲಿ ಟ್ರ್ಯಾಕ್ಟರ್ ಹತ್ತಿ ಮೆಣಸಿನಕಾಯಿ ಬಿಡಿಸಲು ಹೋದರೆ ಕತ್ತಲಾದ ಮೇಲೆ ಬರುವವಳು. ದವಾಖಾನೆಯ ಬಾಗಿಲು ತೆರೆದದ್ದನ್ನೂ ಕಂಡವಳಲ್ಲ, ಮುಚ್ಚಿದ್ದನ್ನೂ ಕಂಡವಳಲ್ಲ.

ಅವಳ ಮಗಳು ಶೃತಿ ಚೊಚ್ಚಲ ಹೆರಿಗೆಗೆ ಅಂತೂರ ಬೆಂತೂರದ ಗಂಡನ ಮನೆಯಿಂದ ತವರಿಗೆ ಬಂದಿದ್ದಳು. ಒಂದು ಬೆಳಗಿನ ಜಾವ ನೋವು ಎದ್ದಿತು. ಆಶಾ ಕಾರ್ಯಕರ್ತೆ ಶಂಕ್ರೆವ್ವ ಓಡಿ ಬಂದು, “ಗದಗಕ್ಕ ನಡೀರಿ, ಇಲ್ಲಿ ಯಾರೂ ಇಲ್ಲ” ಎಂದು ಕೈ ಮುಗಿದು ಹೇಳಿದಳು. ಆಂಬುಲೆನ್ಸ್ ಬೇರೆ ಯಾರನ್ನೋ ಹೊತ್ತು ಹುಬ್ಬಳ್ಳಿಗೆ ಹೋಗಿತ್ತು. ಶಫೀಕನ ಟಂಟಂ ಆಟೋ ಬಂತು. ಒಳಗೆ ಹುಡುಗಿ ಚೀರುತ್ತಿದ್ದಳು. ದವಾಖಾನೆ ಬಂದ ಕೂಡಲೇ ಮಂಜವ್ವ ಗಾಡಿ ನಿಲ್ಲಿಸಿದಳು.

“ಇಲ್ಲೇ ಡಾಕ್ಟರ್ ಅದಾರಂತ ದಿಲ್ಲಿಯೊಳಗ ಹೇಳ್ಯಾರಲ್ಲ. ಈ ಶಂಕ್ರೆವ್ವಗ ಏನ ಗೊತ್ತು?”

ಒಳಗೆ ನರ್ಸ್ ಸಬೀನಾ ಒಬ್ಬಳೇ ಇದ್ದಳು. ಕೂಸು ಅಡ್ಡ ಬಿದ್ದಿತ್ತು. ಸಬೀನಾ ಮುಟ್ಟಿ ನೋಡಿ, ಇದು ತನ್ನ ಕೈಯಿಂದ ಆಗದೆಂದು ಗದಗಕ್ಕೆ ಕಳಿಸಿದಳು. ಆದರೆ ಇಳಿಸಿ, ಮಲಗಿಸಿ, ನೋಡಿ, ಮತ್ತೆ ಹತ್ತಿಸುವುದರಲ್ಲಿ ಹೊತ್ತು ಹೋಗಿತ್ತು. ಸೊರಟೂರ ದಾಟುವುದರೊಳಗೆ ಕೂಸಿನ ಒಂದು ಕೈ ಹೊರಗೆ ಬಂದಿತ್ತು. ಗದಗಿನಲ್ಲಿ ತಾಯಿಯನ್ನು ಉಳಿಸಿಕೊಂಡರು. ಕೂಸು ಅಳಲೇ ಇಲ್ಲ.

ಪೇಪರಿನ ಮೂಲೆಯಲ್ಲಿ ನಾಲ್ಕು ಸಾಲು ಸುದ್ದಿ ಬಂತು. ಅದು ದಿಲ್ಲಿಯಲ್ಲಿ ಮೊದಲು ಪ್ರಶ್ನೆ ಕೇಳಿದ್ದ ಸದಸ್ಯನ ಕಣ್ಣಿಗೆ ಬಿತ್ತು. ಮಾರ್ಚಿನ ಬಿಸಿಲಿನಲ್ಲಿ ಮತ್ತೆ ಪ್ರಶ್ನೆ ಬಂತು: ಡಾಕ್ಟರಿಲ್ಲದೆ ಕೂಸು ಸತ್ತದ್ದು ನಿಜವೇ? ಯಾರು ಹೊಣೆ?

ಅಂದು ಸಾಹೇಬರು ಊಟದ ಡಬ್ಬಿ ತೆರೆಯಲೇ ಇಲ್ಲ. “ಗುಡುಸಾಬ, ಕೆಂಗಲಕೊಪ್ಪಕ್ಕ ನಡಿ. ಆಶಾದ್ದೊಂದು ಹೇಳಿಕಿ ತಗೋಬೇಕು. ಆಮ್ಯಾಲ ಆಫೀಸಿಗೆ ಬಂದು ಮುದ್ರಿ ಹಾಕಿ ಕಳಸಬೇಕು. ಜಲ್ದಿ.”

ಕಪ್ಪತಗುಡ್ಡದ ಮೇಲೆ ಗಾಳಿಯಂತ್ರದ ರೆಕ್ಕೆಗಳು ತಿರುಗದೆ ನಿಂತಿದ್ದವು. ದಾರಿಯುದ್ದಕ್ಕೂ ಅವರು ಕಣ್ಣು ಮುಚ್ಚಿಕೊಂಡೇ ಇದ್ದರು. ನಿದ್ದೆಯಲ್ಲ. ನಿದ್ದೆ ಮಾಡುವವರು ಅಷ್ಟು ಸಲ ನಿಟ್ಟುಸಿರು ಬಿಡುವುದಿಲ್ಲ.

ದವಾಖಾನೆಯಲ್ಲಿ ಲಸಿಕೆಯ ದಿನ. ಅಂಗಳದ ಬೇವಿನ ಗಿಡದ ಕೆಳಗೆ ಹೆಂಗಸರು ಕೂಸುಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು. ಸಾಹೇಬರು ಕಟ್ಟೆಯ ಮೇಲೆ ಕುರ್ಚಿ ಹಾಕಿಸಿ ಶಂಕ್ರೆವ್ವನನ್ನು ಕರೆದರು. ನಾನು ಜೀಪಿನ ಹತ್ತಿರವೇ ಇದ್ದೆ.

“ಶಂಕ್ರೆವ್ವ, ನೀ ಅವರಿಗೆ ಗದಗಕ್ಕ ಹೋಗ್ರಿ ಅಂತ ಹೇಳಿದ್ದಿಲ್ಲೋ?”

“ಹೇಳಿದ್ನಿರಿ ಸರ್. ಕೈ ಮುಗದು ಹೇಳಿದ್ನಿ.”

“ಅವರು ಕೇಳ್ಲಿಲ್ಲ.”

“ಕೇಳ್ಲಿಲ್ರಿ.”

“ಮತ್ತ ಅಷ್ಟ. ಅದನ್ನ ಬರಸೇನಿ. ಸಹಿ ಮಾಡು.”

ಶಂಕ್ರೆವ್ವ ಹಾಳೆಯನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಓದಿದಳು. ಆಶಾ ಕಾರ್ಯಕರ್ತೆಯ ಸಲಹೆಯನ್ನು ಕಡೆಗಣಿಸಿ ಕುಟುಂಬದವರು ನಿರ್ಲಕ್ಷ್ಯ ತೋರಿದ್ದೇ ಶಿಶುವಿನ ಸಾವಿಗೆ ಕಾರಣ ಎಂದಿತ್ತು. ಅವಳು ಇನ್ನೊಮ್ಮೆ ಓದಿದಳು.

“ನಾ ಹೇಳಿದ್ದು ಖರೆ, ಅವರು ಕೇಳಲಾರದ್ದೂ ಖರೆ. ಆದ್ರ ಯಾಕ ಕೇಳ್ಲಿಲ್ಲ ಅನ್ನೂದು ಎಲ್ಲೈತ್ರಿ ಸರ್?”

“ಅದನ್ನ ದಿಲ್ಲಿಯವರು ಕೇಳಿಲ್ಲ.”

“ಕೇಳಿಲ್ಲಂದ್ರ ಹೇಳಾಕ ಬರೂದಿಲ್ಲೇನ್ರಿ?”

ಸಾಹೇಬರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. “ನೋಡವ್ವಾ, ನನಗೂ ಸಾಕಾಗೈತಿ. ನೀ ಸಹಿ ಮಾಡ್ಲಿಲ್ಲಂದ್ರ ಇದು ನಿನ್ನ ಮ್ಯಾಲ ಬರತೈತಿ. ಬಸರಿ ಹೆಂಗಸನ್ನ ಸರಿಯಾದ ದವಾಖಾನಿಗೆ ಮುಟ್ಟಸಲಿಲ್ಲ ಅಂತ ನಿನ್ನ ತಗದು ಹಾಕತಾರ. ಮನಿಯೊಳಗ ದುಡಿಯವಾಕಿ ನೀ ಒಬ್ಬಾಕೀನ ಅಲ್ಲೇನು? ವಿಚಾರ ಮಾಡು.”

ಶಂಕ್ರೆವ್ವ ಪೆನ್ನು ತೆಗೆದುಕೊಂಡಳು. ಅವಳದು ತಪ್ಪೆನ್ನುವುದು ಹೇಗೆ? ಸಾಹೇಬರಿಗೆ ಕೆಲಸ ಹೋಗುವ ಹೆದರಿಕೆ, ಅವಳಿಗೂ ಅದೇ ಹೆದರಿಕೆ. ಅವರ ಹೆದರಿಕೆಗೆ ಜೀಪು ಇದೆ, ಇವಳದಕ್ಕೆ ಕಾಲಿಗೆ ಚಪ್ಪಲಿಯೂ ನೆಟ್ಟಗಿಲ್ಲ.

ಪೆನ್ನು ಹಾಳೆಯ ಮೇಲೆ ಇಟ್ಟವಳು ಹಾಗೇ ನಿಂತಳು. ಆಮೇಲೆ ತಿರುಗಿ ಅಂಗಳದತ್ತ ಕೂಗಿದಳು. “ಯಾರರ ಹೋಗಿ ಮಂಜವ್ವಕ್ಕನ್ನ ಕರೀರಿ. ಆಕಿ ಮುಂದ ಓದದ ನಾ ಸಹಿ ಮಾಡೂದಿಲ್ಲ.”

“ಅದೆಲ್ಲ ಬ್ಯಾಡ ಶಂಕ್ರೆವ್ವ...”

ಅಷ್ಟರಲ್ಲಿ ಒಬ್ಬ ಹೆಂಗಸು ಎದ್ದು ಹೋಗಿಯಾಗಿತ್ತು. ಅಂದು ಕೂಲಿಗೆ ಹೋಗದಿದ್ದ ಮಂಜವ್ವ ಬಂದಳು. ಹಿಂದೆ ಶೃತಿ, ತಲೆಗೆ ಬಟ್ಟೆ ಸುತ್ತಿಕೊಂಡು, ಗೋಡೆ ಹಿಡಿದು. ಅಂಗಳದ ಹೆಂಗಸರು ತಮ್ಮ ಕೂಸುಗಳ ಮೇಲೆ ಸೆರಗು ಎಳೆದುಕೊಂಡರು. ಅವಳ ಕಣ್ಣಿಗೆ ಬೀಳದಿರಲಿ ಎಂದು. ಅದನ್ನು ನೋಡಿ ನನಗೆ ಅಳು ಬಂತು.

ಶಂಕ್ರೆವ್ವ ಓದಿ ಹೇಳಿದಳು. ಮಂಜವ್ವನ ಬೆರಳುಗಳು ಮೆಣಸಿನಕಾಯಿಯ ಖಾರಕ್ಕೆ ಕೆಂಪಾಗಿ ಬಾತಿದ್ದವು. ಅವನ್ನೇ ನೋಡಿಕೊಳ್ಳುತ್ತ ಕೇಳಿದಳು.

“ಇದನ್ನ ಅಲ್ಲಿ ಓದತಾರೇನ್ರಿ ಸಾಹೇಬ್ರ? ಎಲ್ಲಾರ ಮುಂದ?”

“ನಿಮ್ಮ ಹೆಸರು ಬರೂದಿಲ್ಲವ್ವಾ. ಕುಟುಂಬದವರು ಅಂತ ಅಷ್ಟ.”

“ಊರಾಗ ಯಾರಿಗೆ ಗೊತ್ತಿಲ್ರಿ ಯಾ ಕುಟುಂಬ ಅಂತ? ಈಗ ಇಕಿ ಅತ್ತಿ ಫೋನ ಮಾಡಿ, ನಿಮ್ಮವ್ವನ ಕೂಸಿನ್ನ ಕೊಂದ್ಲು ಅಂತಾಳ. ಗಂಡ ಬಂದು ಮಾರಿ ನೋಡಿಲ್ಲ. ನಾಳೆ ಮಂತ್ರೀನ ಹಂಗ ಹೇಳಿದ್ರ ಇಕಿ ಎಲ್ಲಿಗೆ ಹೋಗಬೇಕ್ರಿ?”

ಸಾಹೇಬರು ಗಡಿಯಾರ ನೋಡಿಕೊಂಡರು.

“ತಪ್ಪು ನಂದ ಐತ್ರಿ,” ಎಂದಳು ಮಂಜವ್ವ. “ಸಹಿ ಬರೂದಿಲ್ಲ, ಹೆಬ್ಬಟ್ಟು ಒತ್ತತೀನಿ. ಆದ್ರ ತಪ್ಪೇನು ಅನ್ನೂದನ್ನ ಬರೀರಿ. ಡಾಕ್ಟರ್ ಅದಾರ ಅಂತ ನೀವು ಹೇಳಿದ್ರಿ, ನಾ ನಂಬಿದ್ನಿ. ಬರೀರಿ. ಶಂಕ್ರೆವ್ವ ಇಲ್ಲ ಅಂತ ಹೇಳಿದ್ಲು, ಬಡವರ ಮಾತು ಅಂತ ನಾ ಬಿಟ್ನಿ, ಸರ್ಕಾರದ ಮಾತು ಹಿಡದ್ನಿ. ಅದನ್ನೂ ಬರೀರಿ. ಒತ್ತತೀನಿ.”

ಶಂಕ್ರೆವ್ವ ಪೆನ್ನನ್ನು ಕಟ್ಟೆಯ ಮೇಲೆ ಇಟ್ಟಳು. “ನಾ ಸಹಿ ಮಾಡೂದಿಲ್ರಿ ಸರ್. ಏನಾಗತೈತೋ ಆಗಲಿ.”

“ನಾನೂ ಇದ್ನಿರಿ ಅವತ್ತ,” ಎಂದು ಬಾಗಿಲಲ್ಲಿ ನಿಂತಿದ್ದ ಸಬೀನಾ ಬಾಯಿ ಬಿಟ್ಟಳು. “ನನ್ನ ಯಾರೂ ಕೇಳವಲ್ರಿ.”

ಸಾಹೇಬರು ಎದ್ದು ಜೀಪಿನತ್ತ ಬಂದರು. ಹತ್ತುವ ಮೊದಲೇ ದೊಡ್ಡ ಸಾಹೇಬರ ಫೋನು ಬಂತು. ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವ ರೂಢಿ ಅವರದು. ಹೆಂಗಸರೆಲ್ಲ ಎದ್ದು ಹಿಂದೆಯೇ ಬಂದದ್ದನ್ನು ಅವರು ಗಮನಿಸಲಿಲ್ಲ.

“ಏನಾಯ್ತ್ರೀ ಹೇಳಿಕೆ? ಬೆಂಗಳೂರಿಂದ ಮೂರು ಸಲ ಫೋನ್ ಬಂತು.”

“ಸರ್, ಆಶಾ ಸಹಿ ಮಾಡವಲ್ಲಳ್ರಿ.”

“ಸಹಿ ಯಾಕ್ರೀ ಬೇಕು? ಆಶಾ ಕಾರ್ಯಕರ್ತೆ ಮೌಖಿಕವಾಗಿ ತಿಳಿಸಿದ್ದಾರೆ ಅಂತ ಹಾಕಿ. ಮುದ್ರೆ ಒತ್ತಿ ಕಳಿಸಿ.”

ಸಾಹೇಬರು ಮೊಬೈಲನ್ನು ಬಾಯಿಯ ಹತ್ತಿರ ತಂದರು. ಬೇಡ ಎನ್ನುತ್ತಾರೇನೋ ಎಂದು ನಾನು ಆಸೆಪಟ್ಟೆ.

“ಆತ್ರಿ ಸರ್,” ಎಂದರು.

“ನಾ ಹಂಗ ಹೇಳಿಲ್ರಿ!” ಶಂಕ್ರೆವ್ವ ಹಿಂದಿನಿಂದ ಚೀರಿದಳು. “ನಾ ಹೇಳಿಲ್ಲ!”

“ಯಾರ್ರೀ ಅದು ಕೂಗ್ತಿರೋದು?” ಎಂದಿತು ಫೋನು.

ಸಾಹೇಬರು ತಿರುಗಿ ನೋಡಿದರು. ಶಂಕ್ರೆವ್ವ, ಮಂಜವ್ವ, ಸಬೀನಾ, ಕೂಸುಗಳನ್ನು ಎತ್ತಿಕೊಂಡ ಇಡೀ ಓಣಿಯ ಹೆಂಗಸರು. ಒಂದು ಕೂಸು ಸೂಜಿಯ ನೋವಿಗೆ ಇನ್ನೂ ಬಿಕ್ಕುತ್ತಿತ್ತು.

“ಯಾರೂ ಇಲ್ರಿ ಸರ್,” ಎಂದರು ಸಾಹೇಬರು.

ಫೋನು ಬಂದ್ ಆಯಿತು. ಅವರು ನನ್ನ ಮುಖ ನೋಡದೆ ಹಿಂದಿನ ಸೀಟಿಗೆ ಹತ್ತಿದರು. ನಾನು ಗಾಡಿ ಚಾಲೂ ಮಾಡಿದೆ. ಹನ್ನೆರಡು ವರ್ಷದ ರೂಢಿ, ಬಾಗಿಲು ಬಡಿದ ಸದ್ದಿಗೆ ಕೈ ತಾನೇ ಹೋಗುತ್ತದೆ.

ಆಗ ಶೃತಿ ಗುಂಪಿನಿಂದ ಹೊರಗೆ ಬಂದಳು. ಗಾಡಿಯ ಮುಂದೆ ಬಂದು, ಒಂದು ಕೈಯಿಂದ ಹೊಟ್ಟೆ ಹಿಡಿದುಕೊಂಡು, ನಿಧಾನವಾಗಿ ಗಾಲಿಯ ಮುಂದೆಯೇ ಕೂತಳು. ಕೂಸು ಹೋದ ಮೇಲೆ ಅವಳು ಯಾರ ಜೊತೆಗೂ ಮಾತಾಡಿಲ್ಲವೆಂದು ಊರಲ್ಲಿ ಹೇಳುತ್ತಿದ್ದರು.

“ಯಾರೂ ಇಲ್ಲಂದ್ರಲ್ರಿ ಸಾಹೇಬ್ರ,” ಎಂದಳು. ದನಿ ಬಹಳ ಸಣ್ಣದಿತ್ತು, ಎಂಜಿನ್ನಿನ ಸದ್ದಿನಲ್ಲೂ ಕೇಳಿಸಿತು. “ಮತ್ತ್ಯಾಕ ನಿಂತೀರಿ? ಹಾಯಿಸ್ಕೊಂಡು ಹೋಗ್ರಿ.”

ಮಂಜವ್ವ ಹೋಗಿ ಮಗಳ ಪಕ್ಕದಲ್ಲಿ ಕೂತಳು. ಆಮೇಲೆ ಶಂಕ್ರೆವ್ವ. ಆಮೇಲೆ ಒಬ್ಬೊಬ್ಬರಾಗಿ ಕೂಸಿನ ತಾಯಂದಿರು, ಬಿಸಿ ಮಣ್ಣಿನ ಮೇಲೆ ಸೆರಗು ಹಾಸಿಕೊಂಡು.

“ಗುಡುಸಾಬ, ಹಾರ್ನ್ ಹೊಡಿ,” ಎಂದರು ಸಾಹೇಬರು. “ಹೊತ್ತಾತು. ಉತ್ತರ ಹೋಗಬೇಕು.”

ನಾನು ಎಂಜಿನ್ ಬಂದ್ ಮಾಡಿದೆ. ಚಾವಿ ತೆಗೆದು ಅವರ ಪಕ್ಕದ ಸೀಟಿನ ಮೇಲೆ ಇಟ್ಟೆ.

“ನನ್ನ ಕೈಲೆ ಆಗೂದಿಲ್ರಿ ಸಾಹೇಬ್ರ,” ಎಂದೆ. “ಮುಂದ ಮಂದಿ ಅದಾರ.”