ಹುಂಜಕ್ಕೆ ಬೆನ್ನು ತೋರದ ಚಿಕ್ಕಮ್ಮ

ನನ್ನ ಚಿಕ್ಕಮ್ಮ ತನ್ನ ಹಿತ್ತಲಿನಿಂದ ಮನೆಯೊಳಕ್ಕೆ ಬರುವಾಗ ಹಿಂದು ಹಿಂದಕ್ಕೇ ನಡೆದು ಬರುತ್ತಿದ್ದಳು. ಎಡಗೈಯಲ್ಲಿ ಮೊಟ್ಟೆಯ ಬುಟ್ಟಿ, ಬಲಗೈಯಲ್ಲಿ ಗುರಾಣಿಯಂತೆ ಹಿಡಿದ ಬಕೆಟ್ಟಿನ ಮುಚ್ಚಳ, ಸುಡುಬಿಸಿಲಿನಲ್ಲೂ ಕೊರಳವರೆಗೆ ಗುಂಡಿ ಹಾಕಿದ ಹಳೆಯ ರೇನ್‌ಕೋಟು. ಹಿಮ್ಮಡಿಯಿಂದ ನೆಲ ತಡಕುತ್ತ, ಒಗೆಯುವ ಕಲ್ಲನ್ನು ಬಳಸಿ, ಬಟ್ಟೆಯ ತಂತಿಗೆ ತಲೆ ತಗ್ಗಿಸಿ, ಹೊಸ್ತಿಲು ಕಾಲಿಗೆ ತಾಕಿದ ಕೂಡಲೇ ಒಳಕ್ಕೆ ಜಾರಿ ಅಗಳಿ ಹಾಕಿಕೊಳ್ಳುವಳು. ಇಷ್ಟು ಹೊತ್ತೂ ಅವಳ ದೃಷ್ಟಿ ಹೇಂಟೆಗಳ ನಡುವೆ ಒಂಟಿಕಾಲಿನಲ್ಲಿ ನಿಂತು, ಕತ್ತು ಓರೆ ಮಾಡಿ ಅವಳನ್ನೇ ನೋಡುವ ಕೆಂಪು ಹುಂಜದ ಮೇಲೆ ನೆಟ್ಟಿರುತ್ತಿತ್ತು.

ಈಕೆ ಹುಟ್ಟಾ ಪುಕ್ಕಲಿಯೇನಲ್ಲ. ಆಸ್ಪತ್ರೆಯ ಚುಚ್ಚುಮದ್ದಿನ ಕೋಣೆಯಲ್ಲಿ ನರ್ಸಾಗಿ ಆಯುಷ್ಯವನ್ನೇ ಸವೆಸಿದವಳು. ಕುಡಿದು ಬಂದು ಕೂಗಾಡುವ ದಾಂಡಿಗರನ್ನು ಒಂದೇ ಗದರಿಕೆಗೆ ಬೆಂಚಿನ ಮೇಲೆ ಬೋರಲು ಮಲಗಿಸುತ್ತಿದ್ದವಳು. ಸೂಜಿ ಚರ್ಮಕ್ಕೆ ತಾಕುವ ಮುಂಚೆಯೇ "ಆಯ್ತು, ಆಯ್ತು, ಆಗೇ ಹೋಯ್ತು" ಎನ್ನುವುದು ಅವಳ ರೂಢಿ. ಕೆಲಸದಿಂದ ನಿವೃತ್ತಳಾದರೂ ಆ ಮಾತು ನಿವೃತ್ತವಾಗಲಿಲ್ಲ. ಹಾಲನ್ನು ಒಲೆಗೆ ಇಡುತ್ತಲೇ "ಆಯ್ತು, ಆಯ್ತು" ಎನ್ನುವಳು. ಹಾಲು ಮಾತ್ರ ತನ್ನ ಪಾಡಿಗೆ ತಾನು ನಿಧಾನವಾಗಿ ಕಾಯುತ್ತಿತ್ತು. ಬೀದಿಯವರಿಗೆಲ್ಲ ಅವಳು ‘ಸೂಜಿ ಸಿಸ್ಟರ್’.

ಆ ಹುಂಜವನ್ನು ಕೆಡಿಸಿದವಳು ಅವಳೇ. ತಾಯಿಕೋಳಿ ಕುಕ್ಕಿ ದೂರ ತಳ್ಳಿದ ಮರಿಯೊಂದನ್ನು ರೇನ್‌ಕೋಟಿನ ಜೇಬಿನಲ್ಲಿಟ್ಟು, ಅಂಗೈಯಲ್ಲೇ ನುಚ್ಚು ತಿನ್ನಿಸಿ, ಭುಜದ ಮೇಲೆ ಕೂರಿಸಿಕೊಂಡು ಬೆಳೆಸಿದಳು. ತಲೆ ಮೇಲೆ ಕೂರಿಸಿಕೊಳ್ಳಬೇಡ ಎಂದು ನಾನು ಛೇಡಿಸಿದರೆ ಅದನ್ನು ನಿಜವಾಗಿಯೂ ತಲೆ ಮೇಲೆ ಇಟ್ಟುಕೊಂಡು ತೋರಿಸಿದ್ದಳು. ಮನುಷ್ಯರ ಹೆದರಿಕೆಯನ್ನೇ ಕಾಣದೆ ಬೆಳೆದ ಹುಂಜಕ್ಕೆ ಪ್ರಾಯ ಬಂದಾಗ ಚಿಕ್ಕಮ್ಮ ತಾಯಿಯಾಗಿ ಉಳಿಯಲಿಲ್ಲ, ತನ್ನ ಹೇಂಟೆಗಳ ನಡುವೆ ಓಡಾಡುವ ಇನ್ನೊಂದು ಹುಂಜವಾಗಿ ಕಂಡಳು. ಒಂದು ಬೆಳಿಗ್ಗೆ ಗೂಡಿಗೆ ಬಗ್ಗಿದವಳ ಮೇಲೆ ಅದು ಎರಡೂ ಕಾಲೆತ್ತಿ ಹಾರಿತು. ಕಾಲಿನ ಮುಳ್ಳು ಮೊಣಕಾಲಿನ ಕೆಳಗೆ ಎಲುಬಿನವರೆಗೂ ಇಳಿದಿತ್ತು. ತಾನೇ ತೊಳೆದು, ತಾನೇ ಪಟ್ಟಿ ಕಟ್ಟಿಕೊಂಡು, ಮೇಲೆ ಉದ್ದನೆಯ ಕಾಲುಚೀಲ ಎಳೆದುಕೊಂಡು, ತುಟಿಪಿಟಕ್ಕೆನ್ನದೆ ಉಳಿದಳು. ಹಿಂದು ಹಿಂದಕ್ಕೆ ನಡೆಯುವುದು ಶುರುವಾದದ್ದು ಅಂದಿನಿಂದ.

ಆದರೆ ಅವಳ ನಿಜವಾದ ಭಯ ತನ್ನ ಕಾಲಿನದಲ್ಲ. ಅದೇ ಹಿತ್ತಲಿನಲ್ಲಿ, ಬೆತ್ತದ ಕುರ್ಚಿಯಲ್ಲಿ, ಅವಳ ಅಕ್ಕ, ಎಂದರೆ ನನ್ನ ದೊಡ್ಡಮ್ಮ, ಬೆಳಗಿನಿಂದ ಸಂಜೆಯವರೆಗೆ ಕೂತಿರುತ್ತಿದ್ದಳು. ದೊಡ್ಡಮ್ಮನ ಒಂದು ಕಣ್ಣು ಪೂರ್ತಿ ಹೋಗಿತ್ತು. ಇನ್ನೊಂದು, ಶಸ್ತ್ರಚಿಕಿತ್ಸೆಯ ನಂತರ, ಬೆಳಕನ್ನೂ ನೆರಳನ್ನೂ ಅಷ್ಟಿಷ್ಟು ಗುರುತಿಸುತ್ತಿತ್ತು. ಆ ಕಣ್ಣಿಗೆ ಸೋಪಿನ ನೊರೆಯೂ ತಾಕಬಾರದೆಂದು ವೈದ್ಯರು ಹೇಳಿದ್ದರು. ಹುಂಜ ಇದುವರೆಗೆ ಆ ಕುರ್ಚಿಯ ತಂಟೆಗೆ ಹೋಗಿರಲಿಲ್ಲ. ಇದುವರೆಗೆ ಎಂಬ ಆ ಒಂದು ಪದವೇ ಚಿಕ್ಕಮ್ಮನ ನಿದ್ದೆ ಕೆಡಿಸಿತ್ತು.

"ಮೊಟ್ಟೆ ಇಡೋಕೆ ಹುಂಜ ಬೇಕಾಗಿಲ್ಲ. ಯಾರಿಗಾದ್ರೂ ಕೊಟ್ಬಿಡು," ಎಂದೆ.

"ಅದು ಬಂದ್ಮೇಲೆ ಹದ್ದಿಗೆ ಒಂದು ಕೋಳೀನೂ ಹೋಗಿಲ್ಲ ಕಣೋ," ಎಂದಳು. ಆಮೇಲೆ ದನಿ ತಗ್ಗಿಸಿ, "ಅಕ್ಕನಿಗೆ ಬೆಳಗಾಯ್ತು ಅಂತ ಗೊತ್ತಾಗೋದೇ ಅದು ಕೂಗಿದ್ರೆ. ಅದನ್ನೂ ಹೇಗೆ ಕಿತ್ಕೊಳ್ಳಲಿ?"

"ಹಾಗಾದ್ರೆ ಅದು ಹಾಯುತ್ತೆ ಅಂತಾದ್ರೂ ದೊಡ್ಡಮ್ಮನಿಗೆ ಹೇಳು."

"ಹೇಳಿದ್ರೆ ಅವಳು ಆಚೆ ಕೂರೋದನ್ನೇ ಬಿಡ್ತಾಳೆ. ಆ ಕತ್ತಲೆ ಕೋಣೇಲಿ ಏನಿದೆ ಅವಳಿಗೆ?"

ಹೀಗೆ ಅಕ್ಕನಿಗೆ ತಿಳಿಯದಂತೆ ಅಕ್ಕನ ಕಣ್ಣು ಕಾಯುವುದೇ ಅವಳ ದಿನಚರಿಯಾಯಿತು. ಆ ಮನೆಗೆ ಹೋದಾಗಲೆಲ್ಲ ಅವಳ ಭಯ ನನಗೂ ಅಂಟಿಕೊಳ್ಳುತ್ತಿತ್ತು. ಹಿತ್ತಲಿಗೆ ಇಳಿಯುವ ಮುಂಚೆ ಹುಂಜ ಎಲ್ಲಿದೆಯೆಂದು ನಾನೂ ಹುಡುಕುತ್ತಿದ್ದೆ.

ಆ ದಿನ ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದೆ. ದೊಡ್ಡಮ್ಮನ ಮಡಿಲಿನಿಂದ ಕರವಸ್ತ್ರ ಜಾರಿತು. ಅವಳು ಬಗ್ಗಿ, ನೆಲವನ್ನು ಕೈಯಿಂದ ಸವರುತ್ತ ಹುಡುಕತೊಡಗಿದಳು. ಮುಖ ಹುಂಜದ ಎತ್ತರಕ್ಕೆ ಇಳಿದಿತ್ತು. ಹುಂಜ ಕತ್ತಿನ ಗರಿ ಕೆದರಿ, ಒಂದು ರೆಕ್ಕೆಯನ್ನು ನೆಲಕ್ಕೆಳೆಯುತ್ತ, ಓರೆಯಾಗಿ ಹೆಜ್ಜೆ ಹಾಕುತ್ತ ಕುರ್ಚಿಯ ಕಡೆ ಸರಿಯಿತು. ಕೂಗೋಣವೆಂದರೆ ಕೂಗಿಗೆ ದೊಡ್ಡಮ್ಮ ಮುಖವೆತ್ತುವಳು, ಎತ್ತಿದರೆ ಕಣ್ಣು ನೇರ ಅದರ ಎದುರಿಗೆ. ಗೂಡಿನ ಬಾಗಿಲಲ್ಲಿದ್ದ ಚಿಕ್ಕಮ್ಮನೂ ಅದನ್ನೇ ನೋಡುತ್ತಿದ್ದಳು. ಬುಟ್ಟಿ ಅವಳ ಕೈಯಿಂದ ಬಿತ್ತು. ಮುಚ್ಚಳವೂ ಬಿತ್ತು. ಎಷ್ಟೋ ತಿಂಗಳ ಮೇಲೆ ಮೊದಲ ಸಲ ಅವಳು ಆ ಹಿತ್ತಲಿನಲ್ಲಿ ಮುಂದಕ್ಕೆ ನಡೆದಳು. ತಿರುಗಿ ತನ್ನ ಮೇಲೆ ಹಾರಿದ ಹುಂಜವನ್ನು ಎದೆಗೇ ತೆಗೆದುಕೊಂಡು, ರೆಕ್ಕೆಗಳನ್ನು ಅದುಮಿ, ಕಂಕುಳಿಗೆ ಸೇರಿಸಿದಳು. "ಆಯ್ತು, ಆಯ್ತು, ಆಗೇ ಹೋಯ್ತು," ಎನ್ನುತ್ತಿದ್ದಳು. ಹುಂಜಕ್ಕೆ ಹೇಳಿದಳೋ ತನಗೇ ಹೇಳಿಕೊಂಡಳೋ ನಾನರಿಯೆ.

"ಏನೇ ಅದು ಸದ್ದು?" ಎಂದಳು ದೊಡ್ಡಮ್ಮ, ಕರವಸ್ತ್ರ ಕೊಡವುತ್ತ.

"ಏನಿಲ್ಲ ಅಕ್ಕ, ಬುಟ್ಟಿ ಕೈ ಜಾರ್ತು."

ದನಿ ಎಂದಿನಂತೆಯೇ ಇತ್ತು. ರೇನ್‌ಕೋಟು ಮಾತ್ರ ಕೊರಳಿನಿಂದ ಅಂಚಿನವರೆಗೆ ನಡುಗುತ್ತಿತ್ತು.

ಆ ವಾರವೇ ಕುರ್ಚಿಗೂ ಕೋಳಿಗಳಿಗೂ ನಡುವೆ ತಂತಿಬೇಲಿ ಬಂತು. ತರಕಾರಿ ಪಾತಿಗೆಂದು ದೊಡ್ಡಮ್ಮನಿಗೆ ಹೇಳಿದ್ದಾಯಿತು. ಅಂದಿನಿಂದ ಚಿಕ್ಕಮ್ಮ ದಿನವೂ ಬೇಲಿಯೊಳಗೆ ಹೋಗಿ, ಹುಂಜವನ್ನು ಕಂಕುಳಲ್ಲಿ ಇರುಕಿಕೊಂಡು, ಅದರ ಸೊಕ್ಕಿಳಿದು ಕತ್ತು ಬಾಗುವವರೆಗೂ ಹೇಂಟೆಗಳ ಎದುರಿನಲ್ಲೇ ಸುತ್ತು ಹಾಕುವಳು. ಬಳಿಕ ಕೆಳಗೆ ಬಿಟ್ಟು, ಬೆನ್ನು ತಿರುಗಿಸಿ, ನೆಟ್ಟಗೆ ನಡೆದು ಬರುವಳು. ಭಯ ಹೋಯಿತೇ ಎಂದು ಕೇಳಿದರೆ, "ಎಲ್ಲಿ ಹೋಗುತ್ತೆ? ಅದಕ್ಕೆ ಗೊತ್ತಾಗ್ಬಾರ್ದು ಅಷ್ಟೇ," ಎಂದಳು.

ಒಂದು ಮಧ್ಯಾಹ್ನ ಚಿಕ್ಕಮ್ಮ ಪೇಟೆಗೆ ಹೋಗಿದ್ದಾಗ ದೊಡ್ಡಮ್ಮ ನನ್ನನ್ನು ಹತ್ತಿರ ಕರೆದಳು.

"ನಿಮ್ಮ ಚಿಕ್ಕಮ್ಮ ಈಗ ನೆಟ್ಟಗೆ ನಡೀತಾಳೆ, ಅಲ್ವಾ?"

"ನಿನಗೆ ಹೇಗೆ ಗೊತ್ತಾಯ್ತು?" ಎಂದೆ.

"ಹಿಂದಕ್ಕೆ ನಡೆಯೋರ ಚಪ್ಪಲಿ ಸದ್ದೇ ಬೇರೆ ಕಣಪ್ಪ. ಜೊತೆಗೆ ಆ ಗಾಯದ ಔಷಧಿ ವಾಸನೆ. ಕಣ್ಣು ಹೋಗಿದೆ, ಮೂಗು ಹೋಗಿಲ್ಲ."

"ಗೊತ್ತಿದ್ದೂ ಇಲ್ಲೇ ಕೂರ್ತಿದ್ಯಾ? ಹೆದರಿಕೆ ಆಗ್ತಿರ್ಲಿಲ್ವಾ?"

"ಆಗ್ದೇ ಏನು? ರೆಕ್ಕೆ ಸದ್ದಾದ್ರೆ ಸಾಕು, ಜೀವ ಬಾಯಿಗೆ ಬರ್ತಿತ್ತು." ಅವಳು ಆ ಒಂದು ಕಣ್ಣಿನ ಮೇಲೆ ಅಂಗೈ ಮುಚ್ಚಿ ತೋರಿಸಿದಳು. "ಆದ್ರೆ ಅವಳು ಬಿದ್ರೆ ಕೂಗೋಕೆ ಒಬ್ರು ಬೇಕಲ್ಲ. ಆ ಕೋಣೆಯಿಂದ ಕೂಗಿದ್ರೆ ಬೀದಿಗೆ ಕೇಳ್ಸಲ್ಲ."

"ಕೊಟ್ಬಿಡು ಅನ್ಬೋದಿತ್ತಲ್ಲ?"

"ಜೇಬಲ್ಲಿಟ್ಟು ಸಾಕಿದ್ದಾಳೆ. ಹೇಗೆ ಅನ್ನಲಿ?" ಎಂದಳು. "ಇದನ್ನೆಲ್ಲ ಅವಳಿಗೆ ಹೇಳ್ಬೇಡ."

ನಾನು ಹೇಳಲಿಲ್ಲ. ಚಿಕ್ಕಮ್ಮನಂಥವರನ್ನು ಜನ ಧೀರರೆಂದು ಹೊಗಳುವಾಗ ನನಗೆ ಒಪ್ಪಿಗೆಯಾಗುವುದಿಲ್ಲ. ಭಯವನ್ನು ಗೆಲ್ಲುವುದು ಇಂಥವರಿಗೆ ಎಂದೂ ಸಾಧ್ಯವಾಗುವುದಿಲ್ಲ, ಗೆಲ್ಲಬೇಕೆಂಬ ಹಟವೂ ಅವರಿಗಿಲ್ಲ. ತಮ್ಮ ಭಯ ಇನ್ನೊಬ್ಬರ ಕುರ್ಚಿಯವರೆಗೆ ಹೋಗದಿದ್ದರೆ ಸಾಕೆಂದು ಅದನ್ನು ಕಂಕುಳಲ್ಲಿ ಇರುಕಿಕೊಂಡು ದಿನವೂ ಒಂದು ಸುತ್ತು ಹಾಕುತ್ತಾರೆ. ಆ ಕುರ್ಚಿಯಲ್ಲಿ ಕೂತವರು ಹೆಜ್ಜೆಯ ಸದ್ದನ್ನು ಆಲಿಸುತ್ತ, ಕಣ್ಣಿನ ಮೇಲೆ ಕೈಯಿಟ್ಟುಕೊಂಡು, ಕೂಗಲು ಉಸಿರು ಕೂಡಿಟ್ಟು ಕಾಯುತ್ತಿರುತ್ತಾರೆ.