ಸುಣ್ಣ ಬಳಿದ ಕಂಬ

ಗಾರೆ ಮೇಸ್ತ್ರಿ ಆವಲಪ್ಪ ಕಂಬವನ್ನು ಉಗುರಿನಿಂದ ಕೆರೆದ. ಬಿಳಿ ಪುಡಿ ಉದುರಿತು.

"ಇದಕ್ಕೆ ಸುಣ್ಣ ಹೊಡೆದೋರು ಯಾರು ಮೇಷ್ಟ್ರೇ?"

"ಊರೋರೇ ಕಣಪ್ಪ," ಎಂದರು ಹೆಡ್‌ಮೇಷ್ಟ್ರು ಕೋದಂಡರಾಮಪ್ಪ. "ಇವತ್ತು ಪೂಜೆ ಅಲ್ವಾ? ಕಂಬ ಸಿಡುಬು ಬಂದೋರ ಮುಖದ ಹಂಗಿತ್ತು. ನಿನ್ನೆ ಎಲ್ಲಾ ಸೇರಿ ಬಳಿದ್ರು."

ಮುಳಬಾಗಿಲಿನ ಹತ್ತಿರದ ಆ ಶಾಲೆಯ ವರಾಂಡದ ಕಂಬ ಬಿರುಕು ಬಿಟ್ಟಿತ್ತು. ಅದರ ಸುತ್ತ ಹೊಸ ಕಾಂಕ್ರೀಟು ಹಾಕಬೇಕಿತ್ತು. ಹಳೆಯದು ಹೊಸದನ್ನು ಕಚ್ಚಿಕೊಳ್ಳಲಿ ಎಂದು ಆವಲಪ್ಪ ನಾಲ್ಕು ದಿನ ಉಳಿ ಹಿಡಿದು ಅದರ ಮೈ ಒರಟು ಮಾಡಿ, ಧೂಳು ತೊಳೆದಿದ್ದ. ಈಗ ಒಂದೊಂದು ಕಚ್ಚಿನಲ್ಲೂ ಸುಣ್ಣ ಕೂತಿತ್ತು.

"ಇದರ ಮೇಲೆ ಹಾಕಿದ್ರೆ ಹಿಡಿಯಲ್ಲ. ಸಿಪ್ಪೆ ಥರ ಕಳಚಿ ಬೀಳುತ್ತೆ. ಎರಡು ದಿನ ಕೊಡಿ, ಮತ್ತೆ ಕೆತ್ತುತೀನಿ."

"ಸಿಮೆಂಟು ಆಗ್ಲೇ ಕಲಸಿಬಿಟ್ಟಿದಾರೆ. ಅದು ಸರ್ಕಾರ ಪರ್ಮಿಟ್ ಮೇಲೆ ಅಳೆದು ಕೊಡೋ ಮಾಲು. ಹಾಳಾದ್ರೆ ಇನ್ನಾರು ತಿಂಗಳು ಸಿಗಲ್ಲ. ಒಳಗಿನ ಸುಣ್ಣ ಯಾರಿಗೆ ಕಾಣುತ್ತೆ ಹೇಳು?"

ಕಂಬದ ಹಿಂದಿನ ಕೋಣೆಯಲ್ಲಿ ಎರಡನೇ ಕ್ಲಾಸಿನ ಮಕ್ಕಳು ಮಗ್ಗಿ ಹೇಳುತ್ತಿದ್ದರು. ಅದರಲ್ಲಿ ತನ್ನ ಮಗಳ ದನಿ ಯಾವುದೆಂದು ಆವಲಪ್ಪನಿಗೆ ತಿಳಿಯಲಿಲ್ಲ.

ಮೇಷ್ಟ್ರು ತಟ್ಟೆ ಮುಂದೆ ಹಿಡಿದರು. ಅದರಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ಹೊಸ ಪಂಚೆ ಇದ್ದವು. ಮೇಸ್ತ್ರಿ ತಾಂಬೂಲ ತೆಗೆದುಕೊಂಡು ಕೆಲಸ ಒಪ್ಪಿದ ಮೇಲೆಯೇ ಕಾಂಕ್ರೀಟಿನ ಮೊದಲ ಬಾಂಡ್ಲಿ ಏಳುವುದು.

"ತಗೋ ಆವಲಪ್ಪ. ನೀನು ಬಿಟ್ರೆ ಇನ್ನೊಬ್ಬ ಹಾಕ್ತಾನೆ, ಅಷ್ಟೇ."

ಅದು ಅವನಿಗೂ ಗೊತ್ತಿತ್ತು. ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ನನಗೆ ಬೇಡ ಮೇಷ್ಟ್ರೇ."