ಇಪ್ಪತ್ತೊಂದು ಸುತ್ತು

ಮೂವತ್ತೆಂಟು, ಮೂವತ್ತೊಂಬತ್ತು, ತಂತಿ ಬೆರಳ ಸಂದಿನಲ್ಲಿ ಬೆಚ್ಚಗೆ ಜಾರುತ್ತಿದೆ, ಹೊಸ ತಾಮ್ರಕ್ಕೆ ಒಂದು ವಾಸನೆ, ವಾರ್ನಿಷ್ ಬಿದ್ದ ಮೇಲೆ ಅದೂ ಸತ್ತುಹೋಗುತ್ತದೆ, ನಲವತ್ತು — ಈ ಪಂಪಿನ ಮೋಟಾರಿಗೆ ಸುರುಳಿಗೆ ಎಪ್ಪತ್ತೆರಡು ಸುತ್ತು, ಕಡಿಮೆ ಬಿದ್ದರೆ ಕಾದು ಸುಡುತ್ತದೆ, ಹೆಚ್ಚಾದರೆ ಹಿಡಿಸುವುದಿಲ್ಲ, ಎಣಿಸುವುದೇ ಕಸುಬು, ಹತ್ತೊಂಬತ್ತು ವರ್ಷದಿಂದ ಎಣಿಸುತ್ತಿದ್ದೇನೆ, ಯಜಮಾನರು ಬಂದವರೇ ನನ್ನ ಮುಖ ನೋಡಿ ಇವತ್ತು ರಜೆ ಹಾಕಬಹುದಿತ್ತಲ್ಲ ಎಂದರು, ಹಾಕಿ ಏನು ಮಾಡಲಿ, ಅಕ್ಕ ಇರುವ ಆಸ್ಪತ್ರೆಯಲ್ಲಿ ನಾಲ್ಕು ಗಂಟೆಯ ತನಕ ಒಳಗೆ ಬಿಡುವುದಿಲ್ಲ, ಮನೆಯಲ್ಲಿ ಕೂತರೆ ಕೈ ಫೋನಿಗೇ ಹೋಗುತ್ತದೆ, ಫೋನಿನಲ್ಲಿ ಅಕ್ಕ ಬೆಳಿಗ್ಗೆ ಏಳಕ್ಕೇ ಕಳಿಸಿದ ಎರಡು ಪದ, ನಿನ್ನ ಸರದಿ. ನಾಲ್ಕು ವರ್ಷದಿಂದ ಫೋನಿನಲ್ಲೇ ದಿನಕ್ಕೊಂದು ಸುತ್ತು ಯುದ್ಧದಾಟ, ಬೆಳಿಗ್ಗೆ ಅವಳು, ಊಟದ ಬಿಡುವಿನಲ್ಲಿ ನಾನು, ಆಮೇಲೆ ನಮ್ಮಿಬ್ಬರ ವೈರಿಯಾದ ಕಂಪ್ಯೂಟರ್ ರಾಜ, ಅಲ್ಲಿಗೆ ಒಂದು ಸುತ್ತು ಮುಗಿಯಿತು, ಮುಂದಿನದು ನಾಳೆ. ಹಸಿರು ಬಾವುಟದ ರಾಜ್ಯ ಅವಳದು, ನದಿಯ ಈಚೆ ದಡ ನನ್ನದು, ನಡುವೆ ಒಂದು ಕಲ್ಲಿನ ಸೇತುವೆ. ಶಾಲೆಯ ಪ್ರಯೋಗಾಲಯದಲ್ಲಿ ಗಾಜಿನ ನಳಿಕೆ ತೊಳೆದು ಒಪ್ಪವಾಗಿಡುವವಳು ಅಕ್ಕ, ಬಣ್ಣದ ದ್ರವ ಕಂಡರೆ ಪ್ರಾಣ, ಆಟದಲ್ಲೂ ಮಂತ್ರವಾದಿಗಳ ಕುಲುಮೆಯೇ ಬೇಕು ಅವಳಿಗೆ, ಉಂಗುರ ಮಾಡು, ಕತ್ತಿ ಮಾಡು, ಹಾರುವ ಚಪ್ಪಲಿ ಮಾಡು, ಆಟದಲ್ಲಿ ಗಳಿಸಿದ ಹರಳೆಲ್ಲ ಅದಕ್ಕೇ ಸುರಿಯುತ್ತಿದ್ದಳು, ನಾನು ತಲೆ ಚಚ್ಚಿಕೊಳ್ಳುತ್ತಿದ್ದೆ — ಅಷ್ಟು ಹರಳಿಗೆ ಇಪ್ಪತ್ತು ಜನ ಭಲ್ಲೆಯವರು ಬರ್ತಾರೆ ಅಕ್ಕಾ, ಕಾಲಾಳೇ ಲಾಭ. ಒಮ್ಮೆ ನಲವತ್ತು ಹರಳು ಸುರಿದು ಬೆಂಕಿಯ ಕತ್ತಿ ಮಾಡಿದಳು, ಅದನ್ನು ಹಿಡಿದ ವೀರ ಮೊದಲ ದಿನವೇ ಯಾವನೋ ಬಿಟ್ಟ ಬಾಣಕ್ಕೆ ಬಿದ್ದ, ಕತ್ತಿ ವೈರಿಯ ಪಾಲು, ಚಿನ್ನದ ಚೂರಿ ಅಂತ ಹೊಟ್ಟೆಗೆ ಚುಚ್ಚಿಕೊಂಡ ಹಾಗಾಯ್ತು ಎಂದೆ, ಅವಳು ಫೋನಿನಲ್ಲಿ ಉಸಿರು ಸಿಕ್ಕಿಕೊಳ್ಳುವಷ್ಟು ನಕ್ಕಳು, ಆಗಲೇ ಆ ಕೆಮ್ಮು ಇತ್ತೇ, ಇತ್ತು ಅನಿಸುತ್ತದೆ, ನಗುವಿನಲ್ಲಿ ಯಾರಿಗೆ ಗೊತ್ತಾಗಬೇಕು. ಅವತ್ತೇ ಅವಳಿಗೆ ಲೆಕ್ಕ ಕಲಿಸಿದೆ, ನೋಡು ಅಕ್ಕ, ವಸ್ತು ಎಷ್ಟು ದೊಡ್ಡದು ಅನ್ನೋದು ಮುಖ್ಯ ಅಲ್ಲ, ಮಾಡಿ ಮುಗಿಸಿದ ಮೇಲೆ ಅದು ತನ್ನ ಬೆಲೆ ತೀರಿಸೋಕೆ ಇನ್ನೆಷ್ಟು ಸುತ್ತು ಉಳಿದಿರುತ್ತೆ, ಅದನ್ನ ಕೇಳ್ಕೋ. ದೊಡ್ಡ ಮೇಷ್ಟರ ಹಾಗೆ ಹೇಳಿದೆ. ಮಾಡು ಎಂದು ಮಾತ್ರ ಈ ನಾಲ್ಕು ವರ್ಷದಲ್ಲಿ ಒಂದು ಸಲವೂ ಹೇಳಿದವನಲ್ಲ.

ಐವತ್ತೊಂದೋ, ಐವತ್ತೆರಡೋ — ನಿನ್ನೆ ಸಂಜೆ ಆಸ್ಪತ್ರೆಯ ಓಣಿಯಲ್ಲಿ ಡಾಕ್ಟರಮ್ಮ ಕನ್ನಡಕ ತೆಗೆದು ಕೋಟಿನ ತುದಿಯಲ್ಲಿ ಒರೆಸಿಕೊಂಡಾಗಲೇ ನನಗೆ ಗೊತ್ತಾಯಿತು, ಹತ್ತು ದಿನ, ಹೆಚ್ಚೆಂದರೆ ಎರಡು ವಾರ ಎಂದರು, ಭಾವ ಗೋಡೆ ಹಿಡಿದುಕೊಂಡರು, ಆಮೇಲೆ ನನ್ನ ಕೈ ಹಿಡಿದುಕೊಂಡು ಅವಳಿಗೆ ಮಾತ್ರ ಹೇಳ್ಬೇಡಪ್ಪ, ಇರೋಷ್ಟು ದಿನ ನಗ್ತಾ ಇರ್ಲಿ ಎಂದರು, ನಲ್ಲಿಯಲ್ಲಿ ಮುಖ ತೊಳೆದುಕೊಂಡು ನಾನೊಬ್ಬನೇ ಒಳಗೆ ಹೋದೆ, ಅವಳು ದಿಂಬಿಗೆ ಒರಗಿ ಮೊಣಕಾಲ ಮೇಲೆ ಫೋನಿಟ್ಟುಕೊಂಡಿದ್ದಾಳೆ, ಕಣ್ಣಷ್ಟೇ ದೊಡ್ಡದಾಗಿ ಉಳಿದ ಮುಖ, ಅರವತ್ತು ಹರಳು ಕೂಡಿತು ಕಣೋ, ಜೀವದ ಬಟ್ಟಲು ಮಾಡ್ಲಾ, ಹೇಳು. ಗಾಯಗೊಂಡವರನ್ನು ಎಬ್ಬಿಸುವ ಬಟ್ಟಲು, ಆಟದಲ್ಲೇ ದುಬಾರಿ ವಸ್ತು, ಕಾಯಿಲೆ ಬೀಳುವುದಕ್ಕೂ ಮುಂಚಿನಿಂದ ಅದಕ್ಕಾಗಿ ಕೂಡಿಡುತ್ತಿದ್ದಳು. ಅರವತ್ತು ಹರಳು ಅಂದರೆ ಮೂವತ್ತು ಭಲ್ಲೆಯವರು, ಕುಲುಮೆಯಲ್ಲಿ ಆರು ಸುತ್ತು, ಆಮೇಲೆ ಸುತ್ತಿಗೊಮ್ಮೆ ಇಬ್ಬರನ್ನು ಉಳಿಸಿದರೂ ಮೂವತ್ತಕ್ಕೆ ಸಮನಾಗಲು ಹದಿನೈದು, ಒಟ್ಟು ಇಪ್ಪತ್ತೊಂದು, ದಿನಕ್ಕೊಂದು ಸುತ್ತು, ಇಪ್ಪತ್ತೊಂದು ದಿನ — ಹಾಳು ತಲೆ ಕೇಳದೆಯೇ ಕೂಡಿಸಿಬಿಟ್ಟಿತು. ಬೇಡ ಅಂದುಬಿಡಬೇಕಿತ್ತು, ನನ್ನ ಬಾಯಿಗೆ ಅಭ್ಯಾಸವಾದ ಮಾತು ಅದು, ಅಂದಿದ್ದರೆ ಅವಳು ಎಂದಿನಂತೆ ಜಗಳವಾಡಿ ಮಾಡಿಕೊಳ್ಳುತ್ತಿದ್ದಳು, ಆದರೆ ಆಗ ಬೇಡ ಅಂದರೆ ಡಾಕ್ಟರಮ್ಮನ ಮಾತನ್ನೇ ನಾನು ಹೇಳಿದ ಹಾಗೆ ಅನಿಸಿತು, ಅದನ್ನು ಹೇಳಲಾರದೆ, ಮಾಡಕ್ಕ, ಚೆನ್ನಾಗಿರುತ್ತೆ ಎಂದುಬಿಟ್ಟೆ.

ಅವಳು ತಲೆಯೆತ್ತಿದಳು. ಬಟ್ಟಲಿನ ಮೇಲಿದ್ದ ಬೆರಳು ಹಾಗೇ ನಿಂತಿತು. ಎಷ್ಟು ಸುತ್ತಂತೆ, ಎಂದು ಕೇಳಿದಳು, ಬಸ್ಸು ಎಷ್ಟು ಗಂಟೆಗಂತೆ ಅನ್ನುವ ಹಾಗೆ, ನಾನು ಏನು ಎಂದೆ, ಡಾಕ್ಟರು ಎಷ್ಟು ಅಂದ್ರೋ ಎಂದಳು, ನಾನು ಡ್ರಿಪ್ಪಿನ ನಳಿಕೆ ನೋಡಿದೆ, ಒಂದು ಹನಿ, ಎರಡು, ಮೂರು, ಹನ್ನೊಂದರ ತನಕ ಎಣಿಸಿದೆ, ಇಪ್ಪತ್ತೊಂದು ಬೇಕು ಇದಕ್ಕೆ, ನೀನೇ ಕಲಿಸಿದ ಲೆಕ್ಕ, ಅಷ್ಟು ಇಲ್ಲ ಅಲ್ವಾ ಎಂದಳು. ನಾನು ಹನ್ನೆರಡನೆಯ ಹನಿ ನೋಡಿದೆ, ಅಷ್ಟೇ ಸಾಕಾಯಿತು ಅವಳಿಗೆ, ನಾಲ್ಕು ವರ್ಷ ನನ್ನೊಡನೆ ಆಡಿದವಳು. ಬೆರಳು ಬಟ್ಟಲನ್ನು ಬಿಟ್ಟು ಸೇನೆಯ ಪಟ್ಟಿಗೆ ಇಳಿಯಿತು, ಅರವತ್ತು ಹರಳೂ ಖಾಲಿ, ಮೂವತ್ತು ಭಲ್ಲೆಯವರು, ಒಬ್ಬರನ್ನೂ ತನ್ನ ಕೋಟೆಗೆ ಇಟ್ಟುಕೊಳ್ಳದೆ ನಾಳೆಯ ಸುತ್ತಿಗೆಂದು ಮೂವತ್ತೂ ಜನರನ್ನು ಸೇತುವೆಯತ್ತ ಹೊರಡಿಸಿದಳು, ಇವರು ನಿನ್ನ ಹತ್ರ ಇರ್ಲಿ, ಮುಂದೆ ಬೇಕಾಗ್ತಾರೆ ಎಂದಳು. ಅಷ್ಟರಲ್ಲಿ ಭಾವ ಬಿಸಿನೀರಿನ ಫ್ಲಾಸ್ಕು ಹಿಡಿದು ಬಂದರು, ನಿಮ್ಮ ಭಾಮೈದ ಕೊನೆಗೂ ಗೆದ್ದ ನೋಡಿ, ಕಾಲಾಳೇ ಲಾಭ ಅಂತ ಒಪ್ಪಿಸಿಬಿಟ್ಟ ಎಂದು ಅವರ ಮುಂದೆ ನಕ್ಕಳು, ಎಷ್ಟು ಚೆನ್ನಾಗಿ ನಕ್ಕಳು, ಭಾವ ನನ್ನನ್ನು ಬಾಗಿಲ ತನಕ ಬಿಡಲು ಬಂದು ಭುಜ ಹಿಡಿದು, ನೀನು ಹೇಳ್ಲಿಲ್ಲ ಅಲ್ವಾ, ನಗ್ತಿದಾಳೆ ನೋಡು, ಪುಣ್ಯ ಕಟ್ಕೊಂಡೆ ಕಣಪ್ಪ ಎಂದರು, ನಾನು ಹೌದು ಭಾವ ಎಂದೆ, ಅವಳಿಗೆ ಗೊತ್ತಾಗಿದೆ ಅಂತ ಅವರಿಗೂ ಇನ್ನು ಹೇಳುವ ಹಾಗಿಲ್ಲ.

ಎಷ್ಟಾಯಿತು, ಅರವತ್ತೇ, ಅರವತ್ತೈದೇ, ಎಣಿಕೆ ತಪ್ಪಿತು, ಪೂರಾ ಬಿಚ್ಚಿ ಮತ್ತೆ ಸುತ್ತಬೇಕು, ಯಜಮಾನರು ಊಟಕ್ಕೆ ಏಳೋ ಎನ್ನುತ್ತಿದ್ದಾರೆ, ಫೋನು ಬೆಂಚಿನ ಮೇಲೆ ಮತ್ತೆ ನಡುಗಿತು, ಆಡೋ, ಕಾಯ್ತಿದೀನಿ, ಎಂದು ಅಕ್ಕ. ನಾನು ಆಡಿದರೆ ಸುತ್ತು ಮುಗಿಯುತ್ತದೆ, ಇರುವುದರಲ್ಲಿ ಒಂದು ಕಳೆಯುತ್ತದೆ, ಆಡದಿದ್ದರೂ ದಿನ ನಿಲ್ಲುವುದಿಲ್ಲ, ಅವಳು ಸುಮ್ಮನೆ ಪರದೆ ನೋಡುತ್ತ ಮಲಗಿರುತ್ತಾಳೆ, ಯಾವುದು ಲಾಭ, ಹೇಳಪ್ಪ ಮೇಷ್ಟರೇ — ತೆರೆದೆ, ವೈರಿ ಇನ್ನೂ ಬೆಟ್ಟದಾಚೆ ಇದ್ದಾನೆ, ನನ್ನ ಕೋಟೆ ಇದೆ, ನದಿ ಇದೆ, ಸೇತುವೆಯ ನಡುವೆ ಮೂವತ್ತು ಜನ, ಹಸಿರು ಅಂಗಿ, ಭಲ್ಲೆ ನೆಟ್ಟಗೆ, ಮುಖ ನನ್ನ ಕಡೆ, ನಾನು ಮುಟ್ಟುವ ತನಕ ಕದಲುವುದಿಲ್ಲ, ಬೆರಳೆತ್ತುತ್ತೇನೆ, ಇಳಿಸಲಾರೆ, ಮೂವತ್ತು ಜನ, ಹಸಿರು ಅಂಗಿ, ಮುಖ ನನ್ನ ಕಡೆ, ಸೇತುವೆಯ ಮೇಲೆ, ಮೂವತ್ತು ಜನ